ಮಣ್ಣಿನ ಶಾಲೆ, ಊರಿನ ಕೈ

ನಮ್ಮ ಕಡೆಯ ಯಾವುದೇ ಹಳೆಯ ಶಾಲೆಯ ಚರಿತ್ರೆ ಬರೆಯಲು ಹೊರಟರೆ ಮೊದಲು ಸಿಗುವುದು ಒಬ್ಬ ಮಾಸ್ತರರ ಹೆಸರು, ಆಮೇಲೆ ಜಾಗ ಕೊಟ್ಟವರ ಹೆಸರು. ಯಾರದ್ದೋ ಮನೆಯ ಜಗಲಿಯಲ್ಲಿ ಪಾಠ ಶುರುವಾಯಿತು, ಮಕ್ಕಳು ಹೆಚ್ಚಿದ ಮೇಲೆ ಊರವರು ಸೇರಿ ಮಣ್ಣಿನ ಗೋಡೆ ಎಬ್ಬಿಸಿ ಮುಳಿಹುಲ್ಲಿನ ಮಾಡು ಮಾಡಿದರು, ಸ್ವಲ್ಪ ಹಣ ಕೂಡಿದಾಗ ಮುರಕಲ್ಲು ಬಂತು, ಹಂಚು ಬಂತು. ಕಥೆ ಸಾಮಾನ್ಯವಾಗಿ ಹೀಗೇ ಹೋಗುತ್ತದೆ. ಮಣ್ಣು ಮೆಟ್ಟಿದವರು, ಕಲ್ಲು ಹೊತ್ತವರು, ಪೆಟ್ಟುಮಣೆ ಹಿಡಿದು ನೆಲ ಬಡಿದ ಹೆಂಗಸರು, ಇವರ ಹೆಸರು ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಅಪರೂಪ. ಆದರೆ "ಇದು ನಮ್ಮ ಶಾಲೆ" ಎಂಬ ಮಾತು ಹುಟ್ಟಿದ್ದು ಅವರ ಕೈಯಿಂದ.

ಈಗ ಕಟ್ಟಡ "ಬರುತ್ತದೆ". ನಾವು ಹಾಗೆಯೇ ಹೇಳುವುದಲ್ಲವೇ? ಫಂಡು ಬರುತ್ತದೆ, ಎಸ್ಟಿಮೇಟು ಬರುತ್ತದೆ, ಕಂಟ್ರಾಕ್ಟುದಾರರು ಬರುತ್ತಾರೆ, ಉದ್ಘಾಟನೆಗೆ ದೊಡ್ಡವರು ಬರುತ್ತಾರೆ. ಮೂರು ಮಳೆಗಾಲ ಕಳೆದು ಮಾಡು ಸೋರಲು ಶುರುವಾದರೆ ನಮ್ಮಿಂದ ಒಂದು ಅರ್ಜಿ ಹೋಗುತ್ತದೆ. ಊರಿನಲ್ಲಿ ಕೆಲಸ ಬಲ್ಲವರು ಇಲ್ಲವೆಂದಲ್ಲ. ಕಟ್ಟುವಾಗ ಯಾರೂ ಅವರನ್ನು ಕರೆದಿರುವುದಿಲ್ಲ, ಹಾಗಾಗಿ ಸೋರುವಾಗಲೂ ಅವರು ಬರುವುದಿಲ್ಲ.

ಒಂದು ಕಟ್ಟಡ ನಿಜವಾಗಿ ಊರಿನದ್ದಾಗುವುದು ಹೇಗೆ ಎಂಬ ಈ ಪ್ರಶ್ನೆಗೆ ದೂರದ ಆಫ್ರಿಕದ ಒಂದು ಹಳ್ಳಿಯಲ್ಲಿ, ಇನ್ನೂ ಪದವಿಯನ್ನೇ ಪಡೆಯದ ಒಬ್ಬ ವಾಸ್ತುಶಿಲ್ಪಿ, ಸುಮಾರು 25 ವರ್ಷಗಳ ಹಿಂದೆ ಒಂದು ಉತ್ತರ ಕೊಟ್ಟರು. ಆ ಹಳ್ಳಿಯ ಹೆಸರು ಗಾಂದೋ. ಅವರ ಹೆಸರು ದಿಯೆಬೆದೊ ಫ್ರಾನ್ಸಿಸ್ ಕೆರೆ. ಕೆರೆ ಎಂದರೆ ನಮಗೆ ನೀರಿನ ಕೆರೆಯೇ ನೆನಪಾಗುವುದರಿಂದ ಈ ಬರಹದಲ್ಲಿ ಅವರನ್ನು ಫ್ರಾನ್ಸಿಸ್ ಎಂದೇ ಕರೆಯುತ್ತೇನೆ.

ಊರು ಮತ್ತು ಹುಡುಗ

ಪಶ್ಚಿಮ ಆಫ್ರಿಕದಲ್ಲಿ ಸಮುದ್ರದ ಮುಖವನ್ನೇ ಕಾಣದ ದೇಶ ಬುರ್ಕಿನಾ ಫಾಸೊ. ಫ್ರೆಂಚರ ಆಳ್ವಿಕೆಯಲ್ಲಿ ಅದಕ್ಕೆ ಅಪ್ಪರ್ ವೋಲ್ಟಾ ಎಂದು ಹೆಸರು. 1919ರಲ್ಲಿ ಫ್ರೆಂಚರು ಅದನ್ನೊಂದು ಪ್ರತ್ಯೇಕ ವಸಾಹತು ಮಾಡಿದರು. 1932ರಲ್ಲಿ ಅದನ್ನೇ ತುಂಡು ಮಾಡಿ ಅಕ್ಕಪಕ್ಕದ ಮೂರು ವಸಾಹತುಗಳಿಗೆ ಹಂಚಿದರು. 1947ರಲ್ಲಿ ಮತ್ತೆ ಜೋಡಿಸಿದರು. ಗೆರೆ ಎಳೆಯುವವರು ಎಲ್ಲೋ ಕೂತು ಎಳೆಯುತ್ತಾರೆ, ಆಚೆ ಈಚೆ ಆಗುವುದು ಜನ. ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1960ರ ಆಗಸ್ಟ್ 5ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. 1984ರಲ್ಲಿ, ಅಂದರೆ ನಮ್ಮ ಕಾಸರಗೋಡು ಜಿಲ್ಲೆ ಆದ ವರ್ಷವೇ, ತೋಮಾ ಸಂಕಾರಾ ಎಂಬ ಯುವ ಅಧ್ಯಕ್ಷರು ದೇಶದ ಹೆಸರನ್ನು ಬದಲಾಯಿಸಿದರು. ಅಲ್ಲಿನ ಎರಡು ಭಾಷೆಗಳಿಂದ ಒಂದೊಂದು ಪದ ತೆಗೆದು ಕೂಡಿಸಿದ ಹೆಸರು ಬುರ್ಕಿನಾ ಫಾಸೊ. ನೆಟ್ಟಗೆ ನಡೆಯುವ ಜನರ ನಾಡು ಎಂದು ಅದರ ಅರ್ಥ.

ರಾಜಧಾನಿ ವಾಗಾಡುಗುವಿನಿಂದ ಆಗ್ನೇಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಗಾಂದೋ ಇದೆ. 1965ರಲ್ಲಿ ಫ್ರಾನ್ಸಿಸ್ ಹುಟ್ಟಿದಾಗ ಅಲ್ಲಿ ಕರೆಂಟು ಇರಲಿಲ್ಲ, ಶುದ್ಧ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ, ಶಾಲೆಯೂ ಇರಲಿಲ್ಲ. ತಂದೆ ಊರಿನ ಮುಖ್ಯಸ್ಥ. ಅವರಿಗೆ ಓದು ಬರುತ್ತಿರಲಿಲ್ಲ. ಬಂದ ಕಾಗದಪತ್ರ ಓದಿ ಹೇಳಲು ಮನೆಯಲ್ಲೇ ಒಬ್ಬ ಇರಲಿ ಎಂದು ಹಿರಿಯ ಮಗನನ್ನು ಏಳನೇ ವರ್ಷಕ್ಕೆ ತೆಂಕೊದೊಗೊ ಎಂಬ ಪೇಟೆಗೆ, ಸಂಬಂಧಿಕರ ಮನೆಗೆ ಕಳಿಸಿದರು. ಗಾಂದೋದಿಂದ ಶಾಲೆಗೆ ಹೋದ ಮೊದಲ ಮಗು ಅವನೇ.

ತೆಂಕೊದೊಗೊದ ಆ ಶಾಲೆಯ ತರಗತಿ ಸಿಮೆಂಟು ಇಟ್ಟಿಗೆಯದ್ದು. ಬೆಳಕು ಕಡಿಮೆ, ಗಾಳಿ ಇಲ್ಲವೇ ಇಲ್ಲ. ಅದರೊಳಗೆ ನೂರಕ್ಕೂ ಮಿಕ್ಕಿದ ಮಕ್ಕಳು. ಮಾರ್ಚ್, ಏಪ್ರಿಲ್ ಬಂತೆಂದರೆ ಆ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಗಿನ ಬಿಸಿಲಿಗಿಂತ ಒಳಗಿನ ಸೆಕೆಯೇ ಜಾಸ್ತಿ. ಮುಂದೊಂದು ದಿನ ಇದಕ್ಕಿಂತ ಒಳ್ಳೆಯ ಶಾಲೆ ಕಟ್ಟಬೇಕು ಎಂಬ ಯೋಚನೆ ತನಗೆ ಅಲ್ಲಿಯೇ ಹುಟ್ಟಿತೆಂದು ಫ್ರಾನ್ಸಿಸ್ ಆಮೇಲೆ ಹಲವು ಸಲ ಹೇಳಿದ್ದಾರೆ. ರಜೆ ಮುಗಿಸಿ ಊರಿನಿಂದ ಹೊರಡುವಾಗ ಮನೆ ಮನೆಯ ಹೆಂಗಸರು ತಮ್ಮ ಸೆರಗಿನಲ್ಲಿದ್ದ ಕೊನೆಯ ಚಿಲ್ಲರೆಯನ್ನು ಹುಡುಗನ ಕೈಗೆ ಹಾಕುತ್ತಿದ್ದರಂತೆ. ಯಾಕೆ ಕೊಡುತ್ತಾರೆ ಎಂದು ಅವನು ತಾಯಿಯನ್ನು ಕೇಳಿದ. ನೀನು ಕಲಿತು ಬಂದು ಊರಿಗೆ ಏನಾದರೂ ಮಾಡುತ್ತಿ ಎಂಬ ನಂಬಿಕೆಯಿಂದ ಎಂದು ತಾಯಿ ತಿಳಿಸಿದರು. ಈ ಚಿಲ್ಲರೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಶಾಲೆಯ ಮೊದಲ ಬಂಡವಾಳ ಅದು.

ಬರ್ಲಿನ್‌ನ ಬಡಗಿ

1985ರಲ್ಲಿ ಫ್ರಾನ್ಸಿಸ್ ಜರ್ಮನಿಯ ಬರ್ಲಿನ್‌ಗೆ ಹೋದರು. ಹೋದದ್ದು ದೊಡ್ಡ ಓದಿಗಲ್ಲ, ಬಡಗಿ ಕೆಲಸ ಕಲಿಯುವ ಸ್ಕಾಲರ್‌ಶಿಪ್ಪಿನ ಮೇಲೆ. ಹಗಲು ಮಾಡಿನ ಮರದ ಕೆಲಸ, ಪೀಠೋಪಕರಣದ ಕೆಲಸ. ರಾತ್ರಿ ಹೈಸ್ಕೂಲು ಪಾಠ. ಹತ್ತು ವರ್ಷ ಹೀಗೆ ನಡೆದು 1995ರಲ್ಲಿ ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಯಲು ಅವಕಾಶ ಸಿಕ್ಕಿತು. ಆಗ ಅವರಿಗೆ ವಯಸ್ಸು 30. ನಮ್ಮಲ್ಲಿ ಆ ವಯಸ್ಸಿಗೆ "ಇನ್ನೆಂಥ ಓದುವುದು ಮಾರಾಯ" ಎಂದು ಕೇಳುತ್ತಾರೆ.

ಓದುತ್ತಿರುವಾಗಲೇ, 1998ರಲ್ಲಿ, ಅವರು ಗೆಳೆಯರನ್ನು ಕಟ್ಟಿಕೊಂಡು ಒಂದು ಸಂಘ ಮಾಡಿದರು. ಅದರ ಜರ್ಮನ್ ಹೆಸರಿಗೆ "ಗಾಂದೋಗೆ ಶಾಲೆಯ ಇಟ್ಟಿಗೆಗಳು" ಎಂದು ಅರ್ಥ ಹೇಳಬಹುದು. ಪರಿಚಯದವರು, ಸಹಪಾಠಿಗಳು ಎಂದು ಒಬ್ಬೊಬ್ಬರನ್ನೇ ಕೇಳಿ ಸುಮಾರು 50 ಸಾವಿರ ಡಾಲರ್ ಒಟ್ಟು ಮಾಡಿದರು. ಶಾಲೆಯೊಂದಕ್ಕೆ ಅದು ದೊಡ್ಡ ಮೊತ್ತವೇನೂ ಅಲ್ಲ. ಹಣ ಕಡಿಮೆ ಇದ್ದದ್ದೇ ಒಂದು ರೀತಿಯಲ್ಲಿ ಒಳ್ಳೆಯದಾಯಿತು ಎಂದು ಹೇಳಬೇಕು. ಕಂಟ್ರಾಕ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವ ದಾರಿ ಇರಲಿಲ್ಲ. ಊರಲ್ಲಿ ಸಿಗುವ ವಸ್ತು, ಊರಲ್ಲಿ ಇರುವ ಜನ, ಇವೆರಡರಿಂದಲೇ ಆಗಬೇಕಿತ್ತು.

ಮಣ್ಣು ಬೇಡ ಎಂದ ಊರು

ಶಾಲೆ ಕಟ್ಟುತ್ತೇವೆ ಎಂದಾಗ ಗಾಂದೋದವರಿಗೆ ಖುಷಿಯೋ ಖುಷಿ. ಮಣ್ಣಿನಲ್ಲಿ ಕಟ್ಟುತ್ತೇವೆ ಎಂದ ಕೂಡಲೇ ಎಲ್ಲರ ಮುಖ ಸಪ್ಪೆಯಾಯಿತು. ಯುರೋಪಿಗೆ ಹೋಗಿ ಇಷ್ಟು ವರ್ಷ ಕಲಿತು ಬಂದವನು ಮಣ್ಣಿನ ಗೋಡೆ ಎಬ್ಬಿಸುವುದೇ? ಅದು ನಮಗೇ ಗೊತ್ತಿಲ್ಲವೇ?

ಅವರ ಸಂಶಯದಲ್ಲಿ ತಪ್ಪಿರಲಿಲ್ಲ. ಮಣ್ಣಿನ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಮಣ್ಣಿನ ದೋಷ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲಿ ಗೋಡೆಯ ಬುಡ ಕರಗುತ್ತದೆ, ಮಳೆ ಬಿಟ್ಟ ಮೇಲೆ ಮೆತ್ತಬೇಕು, ಮರುವರ್ಷ ಮತ್ತೆ ಅದೇ ಕೆಲಸ. ಫ್ರೆಂಚರ ಕಾಲದಿಂದ ಅವರು ನೋಡುತ್ತಾ ಬಂದ ಸರಕಾರಿ ಕಟ್ಟಡಗಳೆಲ್ಲ ಸಿಮೆಂಟಿನವು. ಸಿಮೆಂಟು ಎಂದರೆ ಅಧಿಕಾರ, ಮಣ್ಣು ಎಂದರೆ ಬಡತನ. ಮಕ್ಕಳು ಮುಂದೆ ಬರಲಿ ಎಂದು ಕಟ್ಟುವ ಶಾಲೆ ಬಡತನದ ಗುರುತಿನಂತೆ ಯಾಕೆ ಇರಬೇಕು ಎಂಬುದು ಅವರ ಪ್ರಶ್ನೆ. ನಮ್ಮಲ್ಲೂ ಹಂಚಿನ ಮನೆ ಕೆಡವಿ ತಾರಸಿ ಹಾಕಿದಾಗಲೇ "ಮನೆ ಆಯಿತು" ಎಂದವರು ಇಲ್ಲವೇ?

ಇಲ್ಲಿ ಫ್ರಾನ್ಸಿಸ್ ಮಾಡಿದ ಕೆಲಸ ಗೋಡೆ ಕಟ್ಟಿದ್ದಕ್ಕಿಂತ ದೊಡ್ಡದು. ಅವರು ಕೂತು ಮಾತಾಡಿದರು. ನಕ್ಷೆಯ ಕಾಗದ ಹಿಡಿದು ವಿವರಿಸಿ ಪ್ರಯೋಜನ ಇರಲಿಲ್ಲ, ಊರಿನ ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ. ನೆಲದ ಮೇಲೆ, ಮರಳಿನಲ್ಲಿ ಗೆರೆ ಎಳೆದು ತೋರಿಸಿದರು. ಮಣ್ಣು ಕೆಟ್ಟದ್ದಲ್ಲ, ಅದಕ್ಕೆ ಎರಡು ಶತ್ರುಗಳು: ಕೆಳಗಿನಿಂದ ಏರುವ ನೀರು, ಮೇಲಿನಿಂದ ಬಡಿಯುವ ಮಳೆ. ಇವೆರಡನ್ನು ತಡೆದರೆ ಮಣ್ಣು ನಿಲ್ಲುತ್ತದೆ ಎಂದು ಮನವರಿಕೆ ಮಾಡಿದರು. ಊರು ಒಪ್ಪಿದ ಮೇಲೆಯೇ ಕೆಲಸ ಶುರುವಾಯಿತು. ಒಪ್ಪಿಗೆ ಎಂದರೆ ಸಹಿ ಅಲ್ಲ, ಬೆಳಿಗ್ಗೆ ಎದ್ದು ಕೆಲಸಕ್ಕೆ ಬರುವುದು.

ಕಟ್ಟಿದ ಬಗೆ

ಮಕ್ಕಳು ಪಂಚಾಂಗಕ್ಕೆ ಕಲ್ಲು ಹೆಕ್ಕಿ ತಂದರು. ಹೆಂಗಸರು ಇಟ್ಟಿಗೆ ಮಾಡಲು ನೀರು ಹೊತ್ತು ತಂದರು. ಸ್ಥಳೀಯ ವಸ್ತುಗಳ ಬಳಕೆಯನ್ನು ಬೆಳೆಸಲೆಂದೇ ಆ ದೇಶದ ಸರಕಾರ ನಡೆಸುತ್ತಿದ್ದ ಲೊಕೊಮಾಟ್ ಎಂಬ ಸಂಸ್ಥೆ ಊರಿನ ಗಂಡಸರಿಗೆ ಇಟ್ಟಿಗೆ ಅಚ್ಚು ಹಾಕುವ ತರಬೇತಿ ಕೊಟ್ಟಿತು. ಆ ಇಟ್ಟಿಗೆ ಸುಟ್ಟದ್ದಲ್ಲ. ಜೇಡಿಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಒಣಗಿಸಿದ್ದು.

ಈ ಒತ್ತಿದ ಇಟ್ಟಿಗೆಗೂ ತನ್ನದೇ ಚರಿತ್ರೆ ಇದೆ. 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ರಾವುಲ್ ರಮಿರೆಸ್ ಎಂಬ ಇಂಜಿನಿಯರ್ ಕೈಯಿಂದ ಹಿಡಿಕೆ ಎಳೆದು ಮಣ್ಣು ಒತ್ತುವ ಒಂದು ಯಂತ್ರ ಮಾಡಿದರು. ಅದು ಬಡ ದೇಶಗಳಿಗೆಲ್ಲ ಹರಡಿತು. ನಮ್ಮ ಕಡೆಗೆ ಈ ವಿದ್ಯೆ ಬಂದದ್ದು ಬೆಂಗಳೂರಿನಿಂದ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ "ಅಸ್ತ್ರ" ಎಂಬ ವಿಭಾಗ ತೆರೆದರು. ಅದರಲ್ಲಿ ಕೆ. ಎಸ್. ಜಗದೀಶ್ ಮತ್ತು ಜತೆಗಾರರು ಮಣ್ಣಿನ ಒತ್ತಿಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ನೂರಕ್ಕೆ 5ರಿಂದ 10 ಪಾಲು ಸಿಮೆಂಟು ಸೇರಿಸಿ ಸರಿಯಾಗಿ ಒತ್ತಿದರೆ ಸೌದೆ ಸುಡದೆ ಗಟ್ಟಿ ಗೋಡೆ ಏಳುತ್ತದೆ. ಗಾಂದೋದ ಇಟ್ಟಿಗೆಗೂ ಬೆಂಗಳೂರಿನ ಇಟ್ಟಿಗೆಗೂ ತತ್ವ ಒಂದೇ.

ನೆಲ ಹಾಕಿದ್ದು ಹೆಂಗಸರು. ಮಣ್ಣು ಹರಡಿ, ಸಾಲಾಗಿ ಕೂತು, ಮರದ ಹಲಗೆಯಿಂದ ಒಂದೇ ತಾಳದಲ್ಲಿ ಬಡಿದು ನುಣುಪು ಮಾಡಿದರು. ನಮ್ಮಲ್ಲಿ ಮಳೆಗಾಲ ಕಳೆದ ಮೇಲೆ ಅಡಿಕೆ ಹರಗಲು ಅಂಗಳ ಮಾಡುತ್ತಿದ್ದುದನ್ನು ನೋಡಿದವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಅಜ್ಜಿಯಂದಿರಿಗೆ ಗೊತ್ತಿದ್ದ ಕೆಲಸ ಶಾಲೆಯ ನೆಲವಾಯಿತು, ಆ ಕೆಲಸಕ್ಕೆ ಯಾವ ಇಂಜಿನಿಯರೂ ಬೇಕಾಗಲಿಲ್ಲ.

ಹೊಸದು ಎಂದರೆ ಮಾಡು. ಜಿಂಕ್ ಶೀಟನ್ನು ಗೋಡೆಯ ಮೇಲೆ ನೇರವಾಗಿ ಹೊದಿಸಿದರೆ ಏನಾಗುತ್ತದೆ ಎಂದು ನಮಗೆ ಗೊತ್ತು: ಮಧ್ಯಾಹ್ನ ಒಳಗೆ ಕೂರಲು ಸಾಧ್ಯವಿಲ್ಲ. ಫ್ರಾನ್ಸಿಸ್ ತರಗತಿಯ ಮೇಲೆ ಮೊದಲು ಮಣ್ಣಿನ ಇಟ್ಟಿಗೆಯದ್ದೇ ಒಂದು ಮುಚ್ಚಿಗೆ ಮಾಡಿದರು, ಅದರಲ್ಲಿ ಗಾಳಿ ಹೋಗಲು ಸಂದು ಬಿಟ್ಟರು. ಅದರ ಮೇಲೆ, ಮಧ್ಯೆ ಜಾಗ ಬಿಟ್ಟು, ಸಾಮಾನ್ಯ ಕಬ್ಬಿಣದ ಸರಳುಗಳನ್ನು ಬೆಸುಗೆ ಹಾಕಿದ ಹಗುರ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿದರು. ಶೀಟು ಕಾದರೂ ಅದರ ಬಿಸಿ ತರಗತಿಗೆ ಇಳಿಯುವುದಿಲ್ಲ. ಒಳಗಿನ ಬಿಸಿಗಾಳಿ ಮುಚ್ಚಿಗೆಯ ಸಂದಿನಲ್ಲಿ ಮೇಲೇರಿ, ನಡುವಿನ ಜಾಗದಲ್ಲಿ ಬೀಸುವ ಗಾಳಿಗೆ ಸಿಕ್ಕಿ ಹೊರಗೆ ಹೋಗುತ್ತದೆ. ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಫ್ಯಾನು ಬೇಡ, ಕರೆಂಟು ಬೇಡ. ಶೀಟಿನ ಅಂಚು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ್ದರಿಂದ ಮಣ್ಣಿನ ಗೋಡೆಗೆ ಮಳೆ ತಾಗುವುದಿಲ್ಲ. ಮೂರು ತರಗತಿಗಳು ಒಂದೇ ಸಾಲಿನಲ್ಲಿ, ನಡುನಡುವೆ ಮಾಡು ಇದ್ದು ಗೋಡೆ ಇಲ್ಲದ ಜಾಗ. ಮಕ್ಕಳು ಆಡಲೂ ಆಯಿತು, ಬೇಕಾದರೆ ಅಲ್ಲೇ ಪಾಠವೂ ಆಯಿತು.

ದೊಡ್ಡ ಕ್ರೇನು ಇಲ್ಲದ ಊರಿನಲ್ಲಿ ಈ ಮಾಡು ಏರಿಸಲು ಬೇಕಾದದ್ದು ಕಬ್ಬಿಣ ಕೊಯ್ಯುವ ಕೈಗರಗಸ ಮತ್ತು ಒಂದು ಸಣ್ಣ ವೆಲ್ಡಿಂಗ್ ಮೆಷಿನು. ಊರಿನ ಹುಡುಗರಿಗೆ ಎರಡನ್ನೂ ಕಲಿಸಿದರು. ಈ ವಿನ್ಯಾಸದ ಗುಟ್ಟು ಅದೇ ಎಂದು ನನಗೆ ಅನಿಸುತ್ತದೆ. ಕಲಿತ ಕೆಲವೇ ದಿನಗಳಲ್ಲಿ ಊರಿನವರೇ ಮಾಡಲಾಗದ ಯಾವ ಕೆಲಸವನ್ನೂ ಅವರು ನಕ್ಷೆಯಲ್ಲಿ ಇಟ್ಟಿರಲಿಲ್ಲ.

ನಮ್ಮ ಹಳೆಯ ಮನೆಗಳನ್ನು ಬಲ್ಲವರಿಗೆ ಈ ತತ್ವ ಪೂರ್ತಿ ಹೊಸದಲ್ಲ. ಮರದ ಹಲಗೆಯ ಮುಚ್ಚಿಗೆ, ಅದರ ಮೇಲೆ ಮಣ್ಣಿನ ಹಾಸು, ಅದಕ್ಕೂ ಮೇಲೆ ಅಟ್ಟದ ಖಾಲಿ ಜಾಗ, ಮತ್ತೆ ಹಂಚು. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಿದ ಹಂಚು ಕೂಡ ಸಂದಿನಲ್ಲಿ ಉಸಿರಾಡುವ ಮಾಡೇ. ತಾರಸಿ ಬಂದ ಮೇಲೆ ಅದನ್ನೆಲ್ಲ ಬಿಟ್ಟೆವು. ತಾರಸಿ ಸೋರಿತು, ಸೆಕೆ ತಡೆಯಲಾಗಲಿಲ್ಲ. ಈಗ ಊರಿಡೀ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸುತ್ತಿದ್ದೇವೆ. ಗಾಂದೋದಲ್ಲಿ ಒಂದೇ ಖರ್ಚಿನಲ್ಲಿ ಆದದ್ದಕ್ಕೆ ನಾವು ಎರಡು ಖರ್ಚು ಮಾಡುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ಶಾಲೆ ಆದ ಮೇಲೆ

ಶಾಲೆ 2001ರಲ್ಲಿ ಪೂರ್ತಿಯಾಯಿತು. ಫ್ರಾನ್ಸಿಸ್ ಆಗಲೂ ವಿದ್ಯಾರ್ಥಿಯೇ. ಪದವಿ ಮುಗಿದದ್ದು 2004ರಲ್ಲಿ. ಅದೇ ವರ್ಷ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ಗಾಂದೋ ಶಾಲೆಗೆ ಬಂತು. ಆ ವರ್ಷದ ಪ್ರಶಸ್ತಿ ಸಮಾರಂಭ ನಡೆದದ್ದು ದೆಹಲಿಯ ಹುಮಾಯೂನ್ ಸಮಾಧಿಯ ತೋಟದಲ್ಲಿ. ಮೊಗಲರ ಕಲ್ಲಿನ ವೈಭವದ ಎದುರು ಮೂರು ಕೋಣೆಯ ಮಣ್ಣಿನ ಶಾಲೆಗೆ ಗೌರವ ಸಂದಿತು.

ಪ್ರಶಸ್ತಿಗಿಂತ ಮುಖ್ಯವಾದದ್ದು ಊರಿನಲ್ಲಿ ಆಯಿತು. ಪಕ್ಕದ ಎರಡು ಹಳ್ಳಿಯವರು ಇದನ್ನು ನೋಡಿ ತಾವೂ ಇದೇ ರೀತಿ ಕೂಡಿ ಕೆಲಸ ಮಾಡಿ ಶಾಲೆ ಕಟ್ಟಿಸಿಕೊಂಡರು. ಸರಕಾರ ಶಿಕ್ಷಕರನ್ನು ಕೊಟ್ಟು ಸಂಬಳದ ಹೊಣೆ ಹೊತ್ತಿತು. ಗಾಂದೋದಲ್ಲಿ ಇಟ್ಟಿಗೆ, ಬೆಸುಗೆ ಕಲಿತ ಯುವಕರನ್ನು ಪೇಟೆಯ ಸಾರ್ವಜನಿಕ ಕೆಲಸಗಳಿಗೆ ಕರೆಯತೊಡಗಿದರು. ಶಾಲೆಯಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲೇ ದೊಡ್ಡವರು ಒಂದು ವಿದ್ಯೆ ಕಲಿತಾಗಿತ್ತು.

ಸುಮಾರು 120 ಮಕ್ಕಳಿಗೆಂದು ಕಟ್ಟಿದ ಶಾಲೆ ಸಾಲದಾಯಿತು. ದೂರದ ಊರಿಗೆ ಬರಲು ಶಿಕ್ಷಕರು ಹಿಂಜರಿಯುತ್ತಾರೆ ಎಂದು 2004ರಲ್ಲಿ ಅವರಿಗಾಗಿ ಬಿಲ್ಲಿನಾಕಾರದ ಸಾಲಿನಲ್ಲಿ ಆರು ಮನೆಗಳನ್ನು ಕಟ್ಟಿದರು. ಗಡಿನಾಡಿನ ಮೂಲೆ ಶಾಲೆಗಳಿಗೆ ಬಂದ ಮಾಸ್ತರು ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋಗುವುದನ್ನು ನೋಡಿದ ನಮಗೆ ಆ ಮನೆಗಳ ಬೆಲೆ ತಿಳಿಯುತ್ತದೆ. 2008ರಲ್ಲಿ ಶಾಲೆಗೆ ಇನ್ನೊಂದು ಕಟ್ಟಡ ಸೇರಿತು. ಕಾಲಕ್ರಮದಲ್ಲಿ ಮಕ್ಕಳ ಸಂಖ್ಯೆ 700ಕ್ಕೆ ಏರಿತು.

ವಾಚನಾಲಯದವರು ಅಚ್ಚು ಹಾಕಿಸುವ ಪುಸ್ತಕದಲ್ಲಿ ಅಲ್ಲಿನ ಗ್ರಂಥಾಲಯದ ವಿಷಯ ಬಿಡುವಂತಿಲ್ಲ. ಎರಡು ಶಾಲಾ ಕಟ್ಟಡಗಳ ನಡುವೆ ಮೊಟ್ಟೆಯಾಕಾರದ ಒಂದು ಗ್ರಂಥಾಲಯಕ್ಕೆ ಫ್ರಾನ್ಸಿಸ್ ನಕ್ಷೆ ಮಾಡಿದರು. ಅದರ ಮಾಳಿಗೆಗೆ ಬೇಕಾದದ್ದು ಮಣ್ಣಿನ ಮಡಕೆಗಳು. ಊರಿನ ಹೆಂಗಸರು ಮಾಡಿದ ಮಡಕೆಗಳನ್ನು ತಲೆಯ ಮೇಲೆ ಹೊತ್ತು ತಂದರು. ಮಡಕೆಯ ಬಾಯಿ ಮತ್ತು ತಳ ಕತ್ತರಿಸಿ, ಮಾಳಿಗೆಯ ಕಾಂಕ್ರೀಟು ಹಾಕುವಾಗ ಸಾಲಾಗಿ ಕೂರಿಸಿದರು. ಆ ದುಂಡು ತೂತುಗಳಿಂದ ಬೆಳಕು ಕೆಳಗೆ ಬೀಳುತ್ತದೆ, ಬಿಸಿಗಾಳಿ ಮೇಲೆ ಹೋಗುತ್ತದೆ. ಹೊರಗಿನ ತಟ್ಟಿಗೆ ನೀಲಗಿರಿ ಮರದ ಗಳಗಳು. ಆ ಮರ ಅಲ್ಲೂ ನೆಲದ ನೀರು ಹೀರುತ್ತದೆ ಎಂದು ಜನರ ದೂರಿಗೆ ಗುರಿಯಾದದ್ದೇ. ಅಡುಗೆಗೂ ನೀರಿಗೂ ಬಳಸುವ ಮಡಕೆ ಪುಸ್ತಕದ ಮನೆಯ ಕಿಟಕಿಯಾಗುವುದೆಂದರೆ, ಓದು ಬಾರದ ತಾಯಿಗೂ ಆ ಮನೆಯಲ್ಲಿ ಪಾಲು ಸಿಕ್ಕಿದಂತೆ.

ಇನ್ನೊಂದು ಊರಿನ ಪಾಠ

ಬರೀ ಮಣ್ಣಿನ ಮಹಿಮೆಯಿಂದ ಇದೆಲ್ಲ ಆಯಿತು ಎಂದು ತಿಳಿಯಬಾರದು. ಅದಕ್ಕೆ ಈಜಿಪ್ಟಿನ ಒಂದು ಉದಾಹರಣೆ ಇದೆ. ಅಲ್ಲಿನ ಹಸನ್ ಫಾತಿ ಮಣ್ಣಿನ ಕಟ್ಟೋಣದ ದೊಡ್ಡ ಗುರು. 1940ರ ದಶಕದಲ್ಲಿ ಲಕ್ಸರ್ ಪಟ್ಟಣದ ಸಮೀಪ ಹೊಸ ಗುರ್ನಾ ಎಂಬ ಊರನ್ನೇ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಲು ಅವರನ್ನು ಸರಕಾರ ನೇಮಿಸಿತು. ಮಸೀದಿ, ಮಾರುಕಟ್ಟೆ, ಶಾಲೆ, ಕಮಾನಿನ ಮನೆಗಳು ಎಲ್ಲ ನೋಡಲು ಬಹಳ ಚಂದ. ಆದರೆ ಹಳೆಯ ಗುರ್ನಾದ ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಪ್ರಾಚೀನ ಗೋರಿಗಳ ಮೇಲೆ ಮನೆ ಮಾಡಿಕೊಂಡಿದ್ದ ಅವರನ್ನು ಅಲ್ಲಿಂದ ಎಬ್ಬಿಸಬೇಕೆಂಬುದು ಸರಕಾರದ ತೀರ್ಮಾನ, ಅವರದ್ದಲ್ಲ. ಅವರ ಜೀವನೋಪಾಯ ಆ ಹಳೆಯ ಜಾಗದಲ್ಲೇ ಇತ್ತು. ಕೆಲಸ ಅರ್ಧಕ್ಕೇ ನಿಂತಿತು.

ಹಸನ್ ಫಾತಿ ಜನರನ್ನು ಕೇಳದ ಮನುಷ್ಯರಲ್ಲ. ಮನೆ ಮನೆಯ ಅಗತ್ಯ ತಿಳಿದು ಬೇರೆ ಬೇರೆ ನಕ್ಷೆ ಮಾಡಬೇಕು ಎಂದು ಹೋರಾಡಿದವರು. ಮನೆ ಹೇಗಿರಬೇಕು ಎಂದು ಅವರು ಕೇಳಬಹುದಿತ್ತು. ಊರು ಬಿಡಬೇಕೋ ಬೇಡವೋ ಎಂಬ ಮೊದಲ ಪ್ರಶ್ನೆಯನ್ನು ಕೇಳುವ ಅಧಿಕಾರ ಅವರಿಗೆ ಇರಲಿಲ್ಲ, ಸರಕಾರ ಅದನ್ನು ಕೇಳಲೂ ಇಲ್ಲ. ಗಾಂದೋದಲ್ಲಿ ಶಾಲೆ ಬೇಕು ಎಂಬ ಆಸೆ ಊರಿನದ್ದೇ. ಚಿಲ್ಲರೆ ಕೊಟ್ಟು ಹುಡುಗನನ್ನು ಕಳಿಸಿದಂದಿನಿಂದ ಅದು ಅಲ್ಲಿ ಇತ್ತು. ಎರಡೂ ಕಡೆ ಮಣ್ಣು ಒಂದೇ, ವಾಸ್ತುಶಿಲ್ಪಿಗಳು ಇಬ್ಬರೂ ಸಮರ್ಥರು. ಫಲ ಬೇರೆಯಾದದ್ದು ಈ ಒಂದು ಕಾರಣಕ್ಕೆ.

ಮುರಕಲ್ಲಿನ ನಂಟು

ಫ್ರಾನ್ಸಿಸ್ ಆಮೇಲೆ ಕೊಡುಗು ಎಂಬ ಪಟ್ಟಣದಲ್ಲಿ ಒಂದು ಪ್ರೌಢಶಾಲೆ ಕಟ್ಟಿದರು, ಅದು 2016ರಲ್ಲಿ ಮುಗಿಯಿತು. ಅದರ ಗೋಡೆ ಯಾವುದರದ್ದು ಗೊತ್ತೇ? ನಮ್ಮ ಮುರಕಲ್ಲಿನದ್ದು. ಬುರ್ಕಿನಾ ಫಾಸೊದಲ್ಲೂ ಮುರಕಲ್ಲು ಧಾರಾಳ. ನೆಲದಿಂದ ತೆಗೆಯುವಾಗ ಮೆತ್ತಗೆ, ಕೊಯ್ಯಲು ಸುಲಭ, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ.

ಪ್ರಪಂಚವೆಲ್ಲ ಈ ಕಲ್ಲನ್ನು ಲ್ಯಾಟರೈಟ್ ಎಂದು ಕರೆಯುತ್ತದೆ. ಆ ಹೆಸರು ಹುಟ್ಟಿದ್ದು ನಮ್ಮ ಮಲಬಾರಿನಲ್ಲಿ. ಟಿಪ್ಪು ಸುಲ್ತಾನ್ ಮಡಿದ ಮೇಲೆ 1800-1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಕೊಯ್ದು ಮನೆ ಕಟ್ಟುವುದನ್ನು ನೋಡಿದರು. 1807ರಲ್ಲಿ ಅಚ್ಚಾದ ತಮ್ಮ ಪ್ರವಾಸ ಗ್ರಂಥದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಕೊಟ್ಟರು. ನಮ್ಮ ಕೆಲಸಗಾರರ ಕೈ ನೋಡಿ ಹುಟ್ಟಿದ ಪದ ಅದು. ಈಗ ಆಫ್ರಿಕದ ಶಾಲೆಯ ಮುರಕಲ್ಲನ್ನು ಪ್ರಪಂಚ ಕೊಂಡಾಡುವಾಗ, ನಾವು ನಮ್ಮ ಮುರಕಲ್ಲಿನ ಮೇಲೆ ಸಿಮೆಂಟು ಬಳಿದು ಅದರ ಗುರುತೇ ಸಿಗದ ಹಾಗೆ ಮಾಡುತ್ತೇವೆ.

ಮಿತಿಗಳು

ಈ ಕಥೆಯನ್ನು ಪುರಾಣ ಮಾಡಬಾರದು. ಹಣ ಬಂದದ್ದು ಜರ್ಮನಿಯಿಂದ. ಸಿಮೆಂಟು, ಸರಳು, ಶೀಟುಗಳನ್ನು ದುಡ್ಡು ಕೊಟ್ಟೇ ತರಬೇಕಾಯಿತು. ಹೊರಗೆ ಹೋಗಿ ಕಲಿತು, ಊರಿನ ಭಾಷೆಯನ್ನೂ ಮರೆಯದ ಒಬ್ಬ ಮಗ ಸಿಕ್ಕಿದ್ದು ಗಾಂದೋದ ಅದೃಷ್ಟ. ಇತ್ತೀಚಿನ ವರ್ಷಗಳಲ್ಲಿ ಬುರ್ಕಿನಾ ಫಾಸೊದಲ್ಲಿ ಉಗ್ರರ ಹಿಂಸೆಯಿಂದ ಸಾವಿರಾರು ಶಾಲೆಗಳು ಮುಚ್ಚಿವೆ. ಒಳ್ಳೆಯ ಗೋಡೆ ಮಳೆಯನ್ನು ತಡೆದೀತು, ಬಂದೂಕನ್ನು ತಡೆಯಲಾರದು.

2022ರಲ್ಲಿ ವಾಸ್ತುಶಿಲ್ಪದ ನೊಬೆಲ್ ಎನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಫ್ರಾನ್ಸಿಸ್ ಅವರಿಗೆ ಬಂತು. ಆಫ್ರಿಕದವರಿಗೆ ಅದು ಬಂದದ್ದು ಮೊದಲ ಸಲ. ಆ ಹೊತ್ತಿಗೆ ಅವರು ದೊಡ್ಡ ದೇಶಗಳಲ್ಲಿ ದೊಡ್ಡ ಕಟ್ಟಡಗಳ ನಕ್ಷೆ ಮಾಡುವವರಾಗಿದ್ದರು. ಆದರೂ ಅವರ ವಿಷಯ ಮಾತಾಡುವವರೆಲ್ಲ ಮೊದಲು ಹೆಸರಿಸುವುದು ವಿದ್ಯಾರ್ಥಿಯಾಗಿ ಕಟ್ಟಿದ ಆ ಮೂರು ಕೋಣೆಯ ಶಾಲೆಯನ್ನೇ.

ನಮಗೇನು?

ಗಾಂದೋದ ಮಾಡನ್ನು ಇಲ್ಲಿಗೆ ಹೊತ್ತು ತರಬೇಕು ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಮಳೆಯ ಮೂರು ಪಾಲು ನಮ್ಮಲ್ಲಿ ಸುರಿಯುತ್ತದೆ. ನಮ್ಮ ವರ್ಷದ ಮಳೆ 3,000 ಮಿಲಿಮೀಟರಿಗಿಂತ ಹೆಚ್ಚು. ನಮ್ಮ ಗೋಡೆ, ನಮ್ಮ ಮಾಡು ನಮ್ಮದೇ ಆಗಬೇಕು. ತರಬೇಕಾದದ್ದು ಕೆಲಸದ ಕ್ರಮ.

ಗಡಿನಾಡಿನಲ್ಲಿ ಕನ್ನಡ ಶಾಲೆ ಎಂದರೆ ಬರೀ ನಾಲ್ಕು ಗೋಡೆ ಅಲ್ಲ. ಮನೆಯಲ್ಲಿ ತುಳುವೋ ಮಲಯಾಳವೋ ಹವಿಗನ್ನಡವೋ ಕೊಂಕಣಿಯೋ ಮರಾಠಿಯೋ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಓದುವ ಜಾಗ. ಮಕ್ಕಳು ಕಡಿಮೆಯಾದರೆಂದು ಅಂಥ ಜಾಗ ಮುಚ್ಚುವ ಮಾತು ಬಂದಾಗ ಅದನ್ನು ಉಳಿಸಲು ಯಾರು ನಿಲ್ಲುತ್ತಾರೆ? ತಮ್ಮ ಅಜ್ಜ ಕಲ್ಲು ಹೊತ್ತಿದ್ದಾರೆ ಎಂದು ತಿಳಿದವರು ನಿಲ್ಲುತ್ತಾರೆ. ಕಟ್ಟಡ ಎಲ್ಲಿಂದಲೋ "ಬಂದದ್ದು" ಎಂದು ತಿಳಿದವರು, ಹೋಗುವುದಾದರೆ ಹೋಗಲಿ ಎನ್ನುತ್ತಾರೆ.

ಹಾಗಾಗಿ ಮುಂದಿನ ಸಲ ಶಾಲೆಗೋ ಅಂಗನವಾಡಿಗೋ ವಾಚನಾಲಯಕ್ಕೋ ಹೊಸ ಕೋಣೆ ಆಗುವುದಿದ್ದರೆ, ಎಸ್ಟಿಮೇಟು ಬರುವ ಮೊದಲು ಊರಿನವರ ಒಂದು ಸಭೆ ಆಗಲಿ. ಕಲ್ಲು ಕೆತ್ತುವವರು, ಬಡಗಿಗಳು, ವೆಲ್ಡಿಂಗಿನ ಹುಡುಗರು, ಕುಟುಂಬಶ್ರೀಯ ಹೆಂಗಸರು ಆ ಸಭೆಯಲ್ಲಿ ಎದುರಿನ ಸಾಲಿನಲ್ಲಿ ಕೂರಲಿ. ನಮ್ಮ ಊರಿನಿಂದಲೂ ಒಬ್ಬಿಬ್ಬರು ಹುಡುಗ ಹುಡುಗಿಯರು ವಾಸ್ತುಶಿಲ್ಪ ಓದಲು ಪೇಟೆಗೆ ಹೋಗಿರುತ್ತಾರೆ. ಪದವಿ ಮುಗಿಯಲಿ ಎಂದು ಕಾಯದೆ ಅವರನ್ನೂ ಕರೆಯೋಣ. ಕೆಲಸ ಆದ ಮೇಲೆ ಗೋಡೆಯ ಮೇಲೆ ಹೆಸರಿನ ಕಲ್ಲು ಹಾಕುವುದಿದ್ದರೆ, ನೆಲ ಬಡಿದವರ ಹೆಸರನ್ನೂ ಅದರಲ್ಲಿ ಕೆತ್ತಿಸೋಣ.